ಬಸ್ಸಿನ ಲಗೇಜ್ ಡಿಕ್ಕಿಯಲ್ಲಿ ಗಾಳದ ಕೋಲು ಮುರಿಯದಂತೆ: ಪಿವಿಸಿ ಪೈಪಿನ ಪರಿಹಾರ

ಬಟ್ಟೆಯ ಚೀಲ ಗೀರು ತಪ್ಪಿಸುತ್ತದೆ ಅಷ್ಟೇ, ಮೇಲೆ ಸೂಟ್‌ಕೇಸ್ ಬಿದ್ದರೆ ತಡೆಯುವುದಿಲ್ಲ. ಕಾರ್ಬನ್ ಕೋಲಿಗೆ ಬಿದ್ದ ಪೆಟ್ಟು ಆಗ ಕಾಣುವುದೂ ಇಲ್ಲ. ದೊಡ್ಡ ಮೀನು ಎಳೆದಾಗ ಅದೇ ಜಾಗದಲ್ಲಿ ಪಟ್ಟೆಂದು ಮುರಿಯುತ್ತದೆ.

ಎರಡು ತುಂಡಿನ 7 ಅಡಿ ಕೋಲಿನ ಪ್ರತಿ ತುಂಡು ಸುಮಾರು 110 ಸೆಂ.ಮೀ. ಅದಕ್ಕೆ 75 ಮಿ.ಮೀ. ಪಿವಿಸಿ ಪೈಪನ್ನು 120 ಸೆಂ.ಮೀ.ಗೆ ಕತ್ತರಿಸಿ, ಒಳ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ. ಒಂದು ಬದಿಗೆ ಎಂಡ್ ಕ್ಯಾಪ್ ಅಂಟಿಸಿ, ಇನ್ನೊಂದಕ್ಕೆ ತಿರುಪು ಮುಚ್ಚಳ ಹಾಕಿ. ಅಂಟಿನ ಸಾಲ್ವೆಂಟ್ ವಾಸನೆ ಪೂರ್ತಿ ಹೋಗುವವರೆಗೆ ಕೋಲು ಇಡಬೇಡಿ. ಎರಡೂ ತುದಿಗೆ 4 ಸೆಂ.ಮೀ. ದಪ್ಪದ ಸ್ಪಾಂಜ್ ಸಾಕು.

ದಾರ ಸುತ್ತುವ ರೀಲ್ ಬಿಚ್ಚಿ ಬೇರೆ ಇಡಿ. ತುದಿಯ ತುಂಡನ್ನು ಹಿಡಿಕೆಯ ತುಂಡಿನ ಪಕ್ಕಕ್ಕೆ ಇಟ್ಟು, ದಾರ ಹಾಯುವ ಗೈಡ್ ಉಂಗುರಗಳು ಒಂದಕ್ಕೊಂದು ತಾಗದಂತೆ ಸರಿಸಿ, ಮೂರು ಕಡೆ ವೆಲ್ಕ್ರೋ ಪಟ್ಟಿ ಸುತ್ತಿ. ಬಿಗಿಯಾಗಿ ಎಳೆದರೆ ಕೋಲು ಬಾಗಿಯೇ ಕೂರುತ್ತದೆ, ಹಾಗೆ ಮಾಡಬೇಡಿ. ಅಲುಗಾಡಿಸಿದಾಗ ಸದ್ದು ಬಂದರೆ ಇನ್ನಷ್ಟು ಸ್ಪಾಂಜ್ ತುಂಬಿ. ಗೈಡಿನೊಳಗಿನ ಸೆರಾಮಿಕ್ ಬಳೆ ಈ ಅಲುಗಾಟದಿಂದ ಒಡೆಯಬಹುದು. ಆಮೇಲೆ ಅದರ ಬಿರುಕು ದಾರವನ್ನು ಕತ್ತರಿಸುತ್ತದೆ. ಹತ್ತಿಯನ್ನು ಉಂಗುರದೊಳಗೆ ಎಳೆದು ನೋಡಿ, ಎಳೆ ಸಿಕ್ಕಿಕೊಂಡರೆ ಬಿರುಕಿದೆ.

ಗಾಳಿಯಾಡಲು ಮುಚ್ಚಳದಲ್ಲಿ 3 ಮಿ.ಮೀ. ರಂಧ್ರ ಕೊರೆಯಿರಿ. ಒದ್ದೆ ಕೋಲನ್ನು ಒಳಗಿಟ್ಟರೆ ಕಾರ್ಕ್ ಹಿಡಿಕೆಗೆ ಬೂಷ್ಟು ಬರುತ್ತದೆ.