ಆಫ್ರಿಕಾ ಜೊತೆ ಯಾರ ವ್ಯಾಪಾರ ಎಷ್ಟು? ಎಕ್ಸೆಲ್ ತೆಗೆದು ಕೂತಾಗ

ಎಂ.ಎ. ಎಕನಾಮಿಕ್ಸ್ ಪ್ರಾಜೆಕ್ಟಿಗೆ ಚೀನಾ, ಅಮೆರಿಕ, ಇಂಡಿಯಾ ಮೂರೂ ಆಫ್ರಿಕಾ ಜೊತೆ ಎಷ್ಟೆಷ್ಟು ವ್ಯಾಪಾರ ಮಾಡ್ತಾವೆ ಅಂತ ನೋಡೋಕೆ ಹೊರಟೆ, ಎರಡು ದಿನದ ಕೆಲ್ಸ ಅಂದ್ಕೊಂಡಿದ್ದು ಒಂದೂವರೆ ತಿಂಗಳು ತಿಂದಾಕ್ತು.

ಮೊದಲ್ನೇ ಎಡವಟ್ಟು ವರ್ಷದ್ದು. ಚೀನಾದವರ ಲೆಕ್ಕ ಜನವರಿಯಿಂದ ಡಿಸೆಂಬರ್, ನಮ್ ಸರ್ಕಾರದ್ದು ಏಪ್ರಿಲ್‌ನಿಂದ ಮಾರ್ಚ್, ಎರಡನ್ನೂ ಒಂದೇ ಕಾಲಮ್ಮಿಗೆ ಹಾಕಿ ಗ್ರಾಫ್ ಮಾಡಿ ಗೈಡ್ ಹತ್ರ ಬೈಸ್ಕೊಂಡೆ. ಆಮೇಲೆ ತಿಂಗಳ ಲೆಕ್ಕ ಇಳಿಸಿ ಜನವರಿಯಿಂದ ನಾನೇ ಕೂಡಿಸ್ದೆ.

ಮೊತ್ತದಲ್ಲಿ ಚೀನಾನೇ ಮುಂದೆ, 2024ರಲ್ಲಿ ಹೆಚ್ಚುಕಮ್ಮಿ 29,500 ಕೋಟಿ ಡಾಲರ್. ಅಮೆರಿಕನ 2009ರಲ್ಲೇ ಹಿಂದೆ ಹಾಕಿದ್ರು. ಅಮೆರಿಕದ್ದು 2008ರಲ್ಲಿ 14,000 ಕೋಟಿ ಇದ್ದದ್ದು ಈಗ ಅರ್ಧಕ್ಕೆ ಬಂದಿದೆ, ಚೀನಾ ಕಿತ್ಕೊಂಡಿದ್ದೇ ಕಾರಣ ಅಂತ ಬರ್ದಿದ್ದೆ, ಆದ್ರೆ ಐಟಂವಾರು ತೆಗೆದ್ರೆ ಕುಸಿದಿರೋದು ಮುಖ್ಯವಾಗಿ ಕಚ್ಚಾತೈಲ. ಶೇಲ್ ಆಯಿಲ್ (ಬಂಡೆ ಪದರ ಒಡೆದು ತೆಗೆಯೋ ತೈಲ) ಅವರ ಮನೇಲೇ ಸಿಗೋಕೆ ಶುರುವಾದ್ಮೇಲೆ ನೈಜೀರಿಯಾ ತೈಲ ಯಾಕೆ ಬೇಕು?

ನಿಜವಾಗ್ಲೂ ತಲೆ ಕೆಡಿಸಿದ್ದು ಲೈಬೀರಿಯಾ. 50 ಲಕ್ಷ ಚಿಲ್ಲರೆ ಜನ ಇರೋ ಬಡ ದೇಶ ಚೀನಾದಿಂದ ಇಷ್ಟೊಂದು ಏನು ತರಿಸ್ಕೊಳ್ತಾರೆ ಅಂತ ಎಚ್‌ಎಸ್ ಕೋಡ್ (ವ್ಯಾಪಾರದ ಲೆಕ್ಕದಲ್ಲಿ ಪ್ರತಿ ಸರಕಿಗೂ ಕೊಡೋ ನಂಬರ್) ಬಿಚ್ಚಿ ನೋಡಿದ್ರೆ 89, ಅಂದ್ರೆ ಹಡಗು! ಪ್ರಪಂಚದ ಎಷ್ಟೋ ಹಡಗುಗಳು ಲೈಬೀರಿಯಾದಲ್ಲಿ ರಿಜಿಸ್ಟರ್ ಆಗಿ ಆ ಬಾವುಟ ಹಾರಿಸ್ಕೊಂಡು ತಿರುಗ್ತಾವಲ್ಲ, ಶಾಂಘೈಲಿ ಕಟ್ಟಿದ ಹಡಗು ಅಲ್ಲಿನ ರಾಜಧಾನಿ ಮನ್ರೋವಿಯಾ ಮುಖಾನೇ ನೋಡ್ದೇ ಇದ್ರೂ "ಆಫ್ರಿಕಾಕ್ಕೆ ರಫ್ತು" ಆಗ್ಬಿಡುತ್ತೆ. ಅದಕ್ಕೇ ಒಂದು ಬೇರೆ ಸಾಲು ಮಾಡ್ದೆ. ನಮ್ದೂ ಏನ್ ಕಮ್ಮಿ ಇಲ್ಲ, ನಾವು ಟೋಗೋಗೆ ಕಳ್ಸೋ ಪೆಟ್ರೋಲ್ ಡೀಸೆಲ್‌ನ ಅಷ್ಟು ಸಣ್ಣ ದೇಶ ಒಂದೇ ಕುಡಿಯೋಕಾಗುತ್ತಾ, ಅಲ್ಲಿನ ಬಂದರು ಲೋಮೆ ಕಡೆಯಿಂದ ಅಕ್ಕಪಕ್ಕದ ದೇಶಗಳಿಗೂ ಹೋಗುತ್ತೆ.

ಇನ್ನೊಂದು, ಚೀನಾ ಕಚ್ಚಾ ಮಾಲು ದೋಚುತ್ತೆ, ಇಂಡಿಯಾ ಹಂಗಲ್ಲ ಅಂತ ಪೀಠಿಕೇಲಿ ಜೋರಾಗಿ ಬರ್ದಿದ್ದೆ. ಶೀಟ್ ತುಂಬ್ತಾ ಬಂದ ಹಾಗೆ ಅದು ನಿಲ್ಲಲಿಲ್ಲ. ಅವರು ಕಾಂಗೋದಿಂದ ಕೋಬಾಲ್ಟ್, ಅಂಗೋಲಾದಿಂದ ತೈಲ ತಗೊಂಡು ಫೋನು, ಮಷಿನ್ನು ಮಾರ್ತಾರೆ. ನಾವು ನೈಜೀರಿಯಾ ತೈಲ, ಸೌತ್ ಆಫ್ರಿಕಾ ಕಲ್ಲಿದ್ದಲು, ಚಿನ್ನ ತಗೊಂಡು ಡೀಸೆಲ್, ಮಾತ್ರೆ, ಬೈಕು ಮಾರ್ತೀವಿ. ನಮ್ಮೂರು ಮಂಗ್ಳೂರು, ಇಲ್ಲಿನ ಗೇರುಬೀಜ ಫ್ಯಾಕ್ಟರಿಗಳಿಗೆ ಐವರಿ ಕೋಸ್ಟ್, ತಾಂಜಾನಿಯಾ ಕಡೆಯಿಂದ ಸಿಪ್ಪೆ ಸಮೇತ ಬರೋ ಬೀಜಾನೂ ಅದೇ ಪಟ್ಟೀಲಿ ಕೂತಿತ್ತು. ಪೀಠಿಕೆ ಅಳಿಸಿ ಮತ್ತೆ ಬರ್ದೆ, ಸಬ್ಮಿಷನ್ನಿಗೆ ನಾಲ್ಕೇ ದಿನ ಇತ್ತು.