ಅರ್ಧ ಪೆನ್ನಿ ಸಿಕ್ಕ ಹೊಲ

ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ದಾರಿಯಲ್ಲಿ, ಇಂಗ್ಲೆಂಡಿನ ಸಫಕ್ ಸೀಮೆಯಲ್ಲಿ, ಒಬ್ಬ ರೈತರ ಗೋಧಿ ಹೊಲವಿದೆ. ಆರು ವರ್ಷಗಳಿಂದ ಪ್ರತಿ ಆಗಸ್ಟ್‌ನಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಅಲ್ಲಿಗೆ ಹೋಗುತ್ತೇನೆ. ಕೊಯ್ಲು ಮುಗಿದು ಮತ್ತೆ ಬಿತ್ತನೆಯಾಗುವವರೆಗಿನ ಐದಾರು ವಾರ ಮಾತ್ರ ನನಗೆ ಸಿಗುವ ಕಾಲ. ಹಾವೇರಿ ಕಡೆಯ ಎರೆಹೊಲದಲ್ಲಿ ಬೆಳೆದ ನನಗೆ ಈ ಜೇಡಿಮಣ್ಣು ಪರಕೀಯ ಅನ್ನಿಸಲಿಲ್ಲ. ಮಳೆ ಬಿದ್ದರೆ ಬೂಟಿಗೆ ಮೆತ್ತುತ್ತದೆ, ಬಿಸಿಲಿಗೆ ಹೆಂಟೆ ಕಲ್ಲಾಗುತ್ತದೆ. ಗುದ್ದಲಿಗೆ ಹೆಜ್ಜೆಹೆಜ್ಜೆಗೂ ತಾಗುವ ಚಕಮಕಿ ಕಲ್ಲು ಮಾತ್ರ ಹೊಸದು.

ಹೊಲ ಸಿಗುವುದೇ ದೊಡ್ಡ ಕೆಲಸ. ಇಲ್ಲಿ ಮಾಲೀಕರ ಅಪ್ಪಣೆಯಿಲ್ಲದೆ ಯಾರ ಹೊಲದಲ್ಲೂ ಹುಡುಕುವಂತಿಲ್ಲ; ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಸರ್ಕಾರದ ಪರವಾನಗಿಯಿಲ್ಲದೆ ಡಿಟೆಕ್ಟರ್ ಬಳಸುವುದೇ ಅಪರಾಧ. ಹಲವು ಮನೆಗಳ ಬಾಗಿಲು ತಟ್ಟಿ ಬರಿಗೈಲಿ ಬಂದಿದ್ದೆ. ಈ ರೈತರು ಮಾತ್ರ, ನಿಮ್ಮ ಅಪ್ಪ ಏನು ಬೆಳೆಯುತ್ತಾರೆ ಎಂದು ಕೇಳಿದರು. ಮೆಣಸಿನಕಾಯಿ, ಹತ್ತಿ ಅಂದೆ. ಮೆಣಸಿನಕಾಯಿಯನ್ನು ಕಣದಲ್ಲಿ ಹೇಗೆ ಒಣಗಿಸುತ್ತಾರೆ ಎಂಬಲ್ಲಿಂದ ಶುರುವಾದ ಮಾತು ಒಂದು ಗಂಟೆ ನಡೆಯಿತು. ಕೊನೆಗೆ ಒಂದು ಹಾಳೆಯಲ್ಲಿ ಬರೆದುಕೊಂಡೆವು: ಬೆಲೆಬಾಳುವುದು ಏನೇ ಸಿಕ್ಕರೂ ಅರ್ಧರ್ಧ, ತೋಡಿದ ಗುಂಡಿ ಆಗಲೇ ಮುಚ್ಚಬೇಕು, ಗೇಟು ಹೇಗಿತ್ತೋ ಹಾಗೇ ಬಿಡಬೇಕು.

ಯಂತ್ರದ ತತ್ವ ಸರಳ. ಕೋಲಿನ ತುದಿಯ ತಟ್ಟೆಯೊಳಗಿನ ತಂತಿಯ ಸುರುಳಿ ನೆಲಕ್ಕೆ ಕಾಂತಕ್ಷೇತ್ರ ಕಳಿಸುತ್ತದೆ. ಅದು ತಾಗಿದ ಲೋಹದಲ್ಲಿ ಸಣ್ಣ ವಿದ್ಯುತ್ ಹುಟ್ಟಿ ಮರುಸಂಕೇತ ಬರುತ್ತದೆ. ಕಬ್ಬಿಣದ ಮೊಳೆ ಗೊರಗುಟ್ಟುತ್ತದೆ, ಬೆಳ್ಳಿ ಗಂಟೆಯಂತೆ ತಿಳಿಯಾಗಿ ನುಡಿಯುತ್ತದೆ. ಕಷ್ಟ ಇರುವುದು ನಡುವಿನ ದನಿಗಳಲ್ಲಿ. ಹಳೆಯ ಕಂಚಿನ ಬಕಲ್, ಸೀಸದ ಗುಂಡು, ನಿನ್ನೆ ಮೊನ್ನೆ ಎಸೆದ ತಂಪುಪಾನೀಯದ ಡಬ್ಬಿಯ ಕಿವಿ ಮೂರೂ ಯಂತ್ರದ ಪರದೆಯಲ್ಲಿ ಹೆಚ್ಚುಕಡಿಮೆ ಒಂದೇ ಸಂಖ್ಯೆ ತೋರಿಸುತ್ತವೆ. ಕಸ ಬೇಡವೆಂದು ಆ ದನಿಗಳನ್ನು ಬಿಟ್ಟು ಮುಂದೆ ಹೋಗುವವರು ಬಕಲ್‌ಗಳನ್ನೂ ಬಿಟ್ಟು ಹೋಗುತ್ತಾರೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಾನು ಎಲ್ಲವನ್ನೂ ತೋಡುತ್ತೇನೆ. ತಟ್ಟೆಯನ್ನು ನೆಲಕ್ಕೆ ತಾಗುವಷ್ಟು ಕೆಳಗೆ ಹಿಡಿದು, ನಿಧಾನ ಬೀಸುತ್ತಾ, ಉತ್ತ ಪದರದಿಂದ ಕೆಳಕ್ಕೆ ಇಳಿಯದೆ. ನೇಗಿಲು ಕದಡದ ಮಣ್ಣು ಪುರಾತತ್ವದವರದು, ನನ್ನದಲ್ಲ.

ಮೊದಲ ವರ್ಷದ ತಪ್ಪೊಂದು ಇವತ್ತಿಗೂ ನೋಯಿಸುತ್ತದೆ. ಎಂಟರ ಅಂಕಿಯ ಆಕಾರದ ಕಂಚಿನ ಬಕಲ್ ಸಿಕ್ಕಿತ್ತು, 1500ರಿಂದ 1650ರೊಳಗೆ ಬಳಕೆಯಲ್ಲಿದ್ದ ಬಗೆಯದು. ನಡುವಿನ ಕಂಬಿಯ ಮೇಲೆ ತುಕ್ಕಿನ ಗುರುತಿತ್ತು. ಕಬ್ಬಿಣದ ಮುಳ್ಳು ಕರಗಿ ಹೋಗಿತ್ತು. ಮನೆಗೆ ತಂದು ವಿನೆಗರ್‌ನಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದೆ. ಹಸಿರು ಹೊದಿಕೆ ಎದ್ದುಹೋಗಿ ಹೊಸ ತಂಬಿಗೆಯಂತೆ ಹೊಳೆಯಿತು. ಹೀಗೆ ಸಿಕ್ಕ ವಸ್ತುಗಳನ್ನು ದಾಖಲಿಸುವ ಅಧಿಕಾರಿಯ ಬಳಿಗೆ ಒಯ್ದಾಗ ಅವರು ಮೆಲ್ಲಗೆ ಹೇಳಿದರು, ಆ ಹಸಿರಿನಲ್ಲಿ ಕೆಲವೊಮ್ಮೆ ಬೆಲ್ಟಿನ ಚರ್ಮದ ಎಳೆ ಉಳಿದಿರುತ್ತದೆ, ತಾಮ್ರದ ಲವಣ ಅದನ್ನು ಕೊಳೆಯಗೊಡುವುದಿಲ್ಲ ಎಂದು. ಆಮೇಲೆ ಕೇಳಿದರು: ಹೊಲದಲ್ಲಿ ಎಲ್ಲಿ ಸಿಕ್ಕಿತು? ನನಗೆ ಗೊತ್ತಿರಲಿಲ್ಲ. ಅಂದಿನಿಂದ ಮಣ್ಣಿನಿಂದ ಏನೇ ಎದ್ದರೂ ಮೊದಲು ಫೋನಿನ ಜಿಪಿಎಸ್ ಗುರುತು ಬರೆಯುತ್ತೇನೆ, ಆಮೇಲೆ ವಸ್ತುವನ್ನು ನೋಡುತ್ತೇನೆ.

ಆ ಅಭ್ಯಾಸ ಫಲಿಸಿದ್ದು ನಾಲ್ಕನೇ ವರ್ಷ. ಸಂಜೆ ಆರರ ಹೊತ್ತು, ಪಶ್ಚಿಮದ ಬೇಲಿಯ ಹತ್ತಿರ, ಒಂದು ಸಣ್ಣ ತಿಳಿ ದನಿ. ಒಂದು ಗೇಣಿನೊಳಗೇ ಇತ್ತು. ಹೆಂಟೆ ಒಡೆದಾಗ ಉಗುರಿನ ಚೂರಿನಂಥ ಬೂದು ಅರ್ಧಚಂದ್ರ ಕಂಡಿತು. ನೀರು ಚಿಮುಕಿಸಿದೆ, ತಿಕ್ಕಲಿಲ್ಲ. ಇಂಗ್ಲೆಂಡಿನ ಮೂರನೇ ಹೆನ್ರಿ ದೊರೆಯ ಕಾಲದ ಪೆನ್ನಿ ಎಂಬ ಬೆಳ್ಳಿ ನಾಣ್ಯದ ಅರ್ಧ. ಅಂಚು ಕತ್ತರಿಸಿ ಬೆಳ್ಳಿ ಕದಿಯುವುದನ್ನು ತಡೆಯಲೆಂದು 1247ರಲ್ಲಿ ಹಿಂಬದಿಯ ಶಿಲುಬೆಯನ್ನು ಅಂಚಿನವರೆಗೂ ಎಳೆದರು. ಆ ಗೆರೆಯ ಮೇಲೇ ನಾಣ್ಯವನ್ನು ಕತ್ತರಿಸಿ ಅರ್ಧ, ಕಾಲು ಮಾಡಿ ಚಿಲ್ಲರೆಯಾಗಿ ಕೊಡುತ್ತಿದ್ದರು; ದುಂಡಗಿನ ಅರ್ಧ ಪೆನ್ನಿ ಜನಬಳಕೆಗೆ ಬಂದದ್ದು 1279ರ ಸುಧಾರಣೆಯ ನಂತರ. ಹಳಗನ್ನಡ ಶಾಸನಗಳಲ್ಲಿ ಹಣ, ಅದರ ಭಾಗಗಳಾದ ಹಾಗ, ವೀಸ ಎಂದು ಓದಿದ ನೆನಪಾಗಿ ಮೈ ಜುಮ್ಮೆಂದಿತು. ಇವರಿಗೂ ಸಂತೆಯಲ್ಲಿ ಚಿಲ್ಲರೆ ಬೇಕಿತ್ತು!

ಆ ತುಂಡಿನ ಮೇಲೆ ಓ, ಎನ್, ಎಲ್ ಮತ್ತು ವಿ, ಎನ್, ಡಿ ಅಕ್ಷರಗಳಿದ್ದವು. ಲಂಡನ್ನಿನ ಟಂಕಸಾಲೆಯದು ಎಂದರ್ಥ. ಅಚ್ಚು ಹಾಕಿದವನ ಹೆಸರು ಇರುವುದು ಇನ್ನೊಂದು ಅರ್ಧದಲ್ಲಿ.

ಊರಿಗೆ ಫೋನ್ ಮಾಡಿದಾಗ ಅಪ್ಪನ ಮೊದಲ ಪ್ರಶ್ನೆ, ನಿಧಿ ಸಿಕ್ತಾ? ಇಲ್ಲಿ ಒಂಟಿ ನಾಣ್ಯ ಸಾಮಾನ್ಯವಾಗಿ ನಿಧಿಯಲ್ಲ. 1996ರ ಕಾಯ್ದೆಯ ಪ್ರಕಾರ 300 ವರ್ಷಕ್ಕಿಂತ ಹಳೆಯ ಚಿನ್ನ ಅಥವಾ ಬೆಳ್ಳಿಯ ಎರಡು ನಾಣ್ಯ ಒಟ್ಟಿಗೆ ಸಿಕ್ಕರೆ ನಿಧಿ. 14 ದಿನದೊಳಗೆ ಕಾರನರ್ ಎಂಬ ಅಧಿಕಾರಿಗೆ ತಿಳಿಸಬೇಕು. ಮುಚ್ಚಿಟ್ಟವರು ಜೈಲು ಕಂಡಿದ್ದಾರೆ. ತಿಳಿಸಿದವರಲ್ಲಿ ನನಗೆ ಗುರುವಿನಂತೆ ಕಾಣುವವರು ಎರಿಕ್ ಲಾಸ್. 1992ರ ನವೆಂಬರ್‌ನಲ್ಲಿ ಇದೇ ಸಫಕ್‌ನ ಹಾಕ್ಸನ್ ಹಳ್ಳಿಯಲ್ಲಿ, ರೈತ ಗೆಳೆಯನ ಕಳೆದುಹೋದ ಸುತ್ತಿಗೆ ಹುಡುಕುತ್ತಾ ರೋಮನ್ನರ ನಿಧಿ ಕಂಡರು. ತೋಡುವುದನ್ನು ಅರ್ಧಕ್ಕೇ ನಿಲ್ಲಿಸಿ ಸುದ್ದಿ ಮುಟ್ಟಿಸಿದರು. ಪುರಾತತ್ವದವರು ಬಂದು ಉಳಿದದ್ದನ್ನು ತೆಗೆದರು, ಮರದ ಪೆಟ್ಟಿಗೆಯಲ್ಲಿ ಯಾವುದು ಎಲ್ಲಿತ್ತು ಎಂಬುದರ ಸಮೇತ. ಒಟ್ಟು ಸುಮಾರು 15,000 ನಾಣ್ಯ. ಸುತ್ತಿಗೆಯೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಊರಿನ ಹುಡುಗರು ಯಂತ್ರದ ಬೆಲೆ ವಿಚಾರಿಸುತ್ತಾರೆ. ಕೊಳ್ಳಬೇಡಿ ಎಂದೇ ಹೇಳುತ್ತೇನೆ. ನಮ್ಮಲ್ಲಿ ಹೀಗೆ ಹುಡುಕಿ ದಾಖಲಿಸುವ ವ್ಯವಸ್ಥೆಯಿಲ್ಲ, ಕಾನೂನೂ ಬೇರೆ. ನಿಧಿಗಳ್ಳರು ಗುಡಿಗಳ ಗರ್ಭಗುಡಿ ಅಗೆದು, ನಂದಿ ಒಡೆದು ಹಾಕಿದ್ದನ್ನು ಕಣ್ಣಾರೆ ಕಂಡವನು ನಾನು. ಉಳುವಾಗ ಏನಾದರೂ ಎದ್ದರೆ ಮುಟ್ಟದೆ ಜಿಲ್ಲಾಡಳಿತಕ್ಕೆ ತಿಳಿಸಿ.

ಕಳೆದ ಚಳಿಗಾಲದಲ್ಲಿ ಆರು ವರ್ಷದ ಗುರುತುಗಳನ್ನೆಲ್ಲ ಒಂದೇ ನಕ್ಷೆಯ ಮೇಲೆ ಇಟ್ಟೆ. ಹೊಲದ ತುಂಬ ಚೆದುರಿದ ಚುಕ್ಕೆಗಳ ನಡುವೆ ಹದಿನೇಳು ಮಾತ್ರ ಒಂದೇ ಸಾಲಿನಲ್ಲಿ ಬಿದ್ದವು: ಅರ್ಧ ಪೆನ್ನಿ, ನಾಲ್ಕು ಬಕಲ್, ಬಟ್ಟೆಯ ಗುಂಡಿಗಳು, ಹೊಲಿಯುವಾಗ ಬೆರಳಿಗೆ ಹಾಕುವ ಒಂದು ಬೆರಳುಟೋಪಿ. ಸಾಲು ಬೇಲಿಗೆ ಓರೆಯಾಗಿ ಚರ್ಚಿನ ಗೋಪುರದ ಕಡೆಗೆ ಹೋಗುತ್ತದೆ. ರೈತರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ತಮ್ಮ ಅಜ್ಜ ಅಲ್ಲೊಂದು ಕಾಲುದಾರಿ ಇತ್ತು ಅನ್ನುತ್ತಿದ್ದರು ಎಂದರು. ಹಾಳು ಬಕಲ್‌ನ ಚುಕ್ಕೆ ಮಾತ್ರ ಆ ನಕ್ಷೆಯಲ್ಲಿಲ್ಲ.