ಲೇಬರ್ ಕ್ಯಾಂಪಿನಲ್ಲಿ ಬಾಯಿ ಆರೋಗ್ಯ ಸಮೀಕ್ಷೆ: ಪುಣೆಯ ಹೊಸ ದಂತ ಸಂಶೋಧಕರಿಗೆ

ಪಬ್ಲಿಕ್ ಹೆಲ್ತ್ ಡೆಂಟಿಸ್ಟ್ರಿಯಲ್ಲಿ ಎಂಡಿಎಸ್ (ದಂತವೈದ್ಯದ ಸ್ನಾತಕೋತ್ತರ ಪದವಿ) ಸೇರಿದವರಿಗೆ ಮೂರು ವರ್ಷಕ್ಕೆ ಒಂದು ಥೀಸಿಸ್. ಮುಂದೆ ಲೆಕ್ಚರರ್ ಆಗಲಿ, ಪಿಎಚ್‌ಡಿಗೆ ಅರ್ಜಿ ಹಾಕಲಿ, ಸಂಶೋಧನಾ ಸಂಸ್ಥೆ ಸೇರಲಿ, ಆ ಮೊದಲ ಸಮೀಕ್ಷೆಯನ್ನೇ ಎಲ್ಲರೂ ಕೆದಕಿ ನೋಡುತ್ತಾರೆ. ಪುಣೆಯಲ್ಲಿ ಓದುವ ಕನ್ನಡದವರಿಗೆ ಇಲ್ಲಿ ದೊಡ್ಡ ಅನುಕೂಲವೊಂದಿದೆ. ನಗರದ ಅಂಚಿನ ಕಟ್ಟಡ ಕೆಲಸಗಳಿಗೆ ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯಿಂದ ಬಂದ ಕುಟುಂಬಗಳು ತಗಡಿನ ಶೆಡ್ಡುಗಳಲ್ಲಿ ಬದುಕುತ್ತಿವೆ. ಮರಾಠಿಯಲ್ಲಿ ಕೇಳಿದರೆ ಇವರು ಎಲ್ಲದಕ್ಕೂ "ಹೂಂ" ಅಂದು ಕಳಿಸಿಬಿಡುತ್ತಾರೆ. ಅವರ ಊರಿನ ಮಾತಿನಲ್ಲಿ ಕೇಳಬಲ್ಲವರು ನೀವು.

ಈ ಕೆಲಸಕ್ಕೆ ಮಹಾರಾಷ್ಟ್ರದಲ್ಲಿ ಒಂದು ಪರಂಪರೆಯೇ ಇದೆ. ಬಾಯಿ ಕ್ಯಾನ್ಸರ್ ಮತ್ತು ಅದರ ಮುನ್ಸೂಚನೆಯ ಕಲೆಗಳನ್ನು ಹುಡುಕಲು ಈ ರಾಜ್ಯದ 1,01,761 ಹಳ್ಳಿಗರ ಬಾಯಿ ನೋಡಿದ ಅಧ್ಯಯನ 1972ರಲ್ಲಿ ಪ್ರಕಟವಾಯಿತು. ನಿಮ್ಮದು ಕೆಲವು ನೂರು ಜನರದ್ದಾದರೂ ಕ್ರಮ ಅಷ್ಟೇ ಬಿಗಿಯಾಗಿರಬೇಕು.

ಎಷ್ಟು ಜನ, ಯಾವಾಗ

ಕಾಯಿಲೆ ಎಷ್ಟು ಜನರಲ್ಲಿದೆ ಎಂಬ ಅಂದಾಜೇ ಇಲ್ಲದಿದ್ದರೆ ಶೇ 50 ಎಂದು ಹಿಡಿಯಿರಿ. ಶೇ 5ರ ತಪ್ಪಿನ ಅಂತರ, ಶೇ 95ರ ವಿಶ್ವಾಸಕ್ಕೆ 384 ಜನ ಬೇಕು. ಬಹಳ ಥೀಸಿಸ್‌ಗಳು ಇಲ್ಲೇ ನಿಂತುಬಿಡುತ್ತವೆ, ಅದು ತಪ್ಪು. ಒಂದು ಕ್ಯಾಂಪಿನವರು ಹೆಚ್ಚಾಗಿ ಒಂದೇ ಊರಿನವರು, ಬೀಗರು ಬಿಜ್ಜರು. ಚಟ ಒಂದೇ, ಕುಡಿದ ನೀರೂ ಒಂದೇ. ಆದ್ದರಿಂದ 384ನ್ನು ಕನಿಷ್ಠ 1.5ರಿಂದ ಗುಣಿಸಿ: 576. ಹತ್ತರಲ್ಲಿ ಒಬ್ಬರು ಒಲ್ಲೆ ಅನ್ನುತ್ತಾರೆಂದು ಹಿಡಿದರೆ 640 ಜನರ ಹತ್ತಿರ ಹೋಗಬೇಕಾಗುತ್ತದೆ.

ಇನ್ನು ದಿನದ ಲೆಕ್ಕ. ದೊಡ್ಡವರ ಪೂರ್ತಿ ತಪಾಸಣೆಗೆ 15ರಿಂದ 20 ನಿಮಿಷ ಹಿಡಿಯುತ್ತದೆ. ಕೆಲಸ ಬಿಟ್ಟು ಬಂದು ಮೈ ತೊಳೆದುಕೊಂಡ ಮೇಲೆ, ಅಡುಗೆಗೆ ಮುಂಚೆ, ನಿಮಗೆ ಸಿಗುವುದು ಎರಡೂವರೆ ಗಂಟೆ. ಸಂಜೆಗೆ 9 ಜನ. ಅಂದರೆ ಸುಮಾರು 70 ಸಂಜೆಗಳು. ಈ ಲೆಕ್ಕವನ್ನು ಸಿನಾಪ್ಸಿಸ್ (ಥೀಸಿಸ್‌ನ ಯೋಜನೆ) ಬರೆಯುವ ಮುಂಚೆಯೇ ಮಾಡಿಕೊಳ್ಳಿ.

ಪಂಚಾಂಗವನ್ನೂ ನೋಡಿ. ಮುಂಗಾರು ಬಿತ್ತನೆಗೆ ಗಂಡಸರು ಊರಿಗೆ ಹೋಗುತ್ತಾರೆ, ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಜಾತ್ರೆ. ಆ ವಾರಗಳಲ್ಲಿ ಸಿಕ್ಕವರನ್ನೇ ನೋಡಿ ಮುಗಿಸಿದರೆ ನಿಮ್ಮ ಲೆಕ್ಕದಲ್ಲಿ ಒಂದು ಬಗೆಯ ಜನ ಕಡಿಮೆಯಾಗಿರುತ್ತಾರೆ.

ಮುಕಾದಮನ (ಕೂಲಿಯವರ ಮೇಸ್ತ್ರಿಯ) ಪಟ್ಟಿಯನ್ನು ನೆಚ್ಚಬೇಡಿ. ಅದು ಕೂಲಿ ಕೊಡಲು ಮಾಡಿದ್ದು. ಗಂಡ ಹೆಂಡತಿಯನ್ನು ಒಂದು ಜೋಡಿಯೆಂದು ಒಂದೇ ಹೆಸರಿನಲ್ಲಿ ಬರೆದಿರಬಹುದು, ಮುದುಕರು ಅದರಲ್ಲಿ ಇರುವುದೇ ಇಲ್ಲ. ಶೆಡ್ಡುಗಳ ಬಾಗಿಲಿಗೆ ಸೀಮೆಸುಣ್ಣದಿಂದ ನಂಬರ್ ಹಾಕಿ, ತಲೆ ಎಣಿಸಿ, ಸ್ವಂತ ಪಟ್ಟಿ ಮಾಡಿ ಅದರಿಂದ ಆಯ್ಕೆ ಮಾಡಿ. ಆಯ್ಕೆಯಾದವರು ಸಿಗದಿದ್ದರೆ ಪಕ್ಕದ ಶೆಡ್ಡಿನವರನ್ನು ಕೂರಿಸಿಕೊಳ್ಳಬೇಡಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ರಜೆಯ ದಿನ ಒಮ್ಮೆ, ಮೂರು ಸಲ ಹೋಗಿ ಆಮೇಲೆ ಬಿಡಿ.

ವಯಸ್ಸಿನದು ಇನ್ನೊಂದು ತೊಡಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಲ್ಲಿ ದೊಡ್ಡವರ ಮುಖ್ಯ ಗುಂಪು 35ರಿಂದ 44. ಆಧಾರ್‌ನಲ್ಲಿ ಜನವರಿ 1, ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದಿದ್ದರೆ ಅದು ಅಂದಾಜಿನ ತಾರೀಖು. "ಕಿಲ್ಲಾರಿ ಭೂಕಂಪ ಆದಾಗ ನೀವು ಎಷ್ಟ ದೊಡ್ಡವ್ರಿದ್ರಿ?" ಎಂದು ಕೇಳಿ. ಅದು 1993ರ ಸೆಪ್ಟೆಂಬರ್ 30. ಆಗ ಸಾಲಿಗೆ ಹೋಗುತ್ತಿದ್ದರೋ, ಕಂಕುಳ ಕೂಸೋ ಎಂಬುದರಿಂದ ವಯಸ್ಸು ಸುಮಾರಾಗಿ ಕುದುರುತ್ತದೆ.

ಪ್ರಶ್ನೆ ಕೇಳುವ ಬಗೆ

ಇಡೀ ಸಮೀಕ್ಷೆ ನಿಲ್ಲುವುದು, ಬೀಳುವುದು ಇಲ್ಲೇ.

"ನೀವು ತಂಬಾಕು ಸೇವಿಸುತ್ತೀರಾ?" ಎಂದು ಕೇಳಿದರೆ ಹೆಂಗಸರು "ಇಲ್ರಿ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ತಂಬಾಕನ್ನು ಹೆಂಚಿನ ಮೇಲೆ ಕಪ್ಪಗೆ ಹುರಿದು ಪುಡಿ ಮಾಡಿದ ಮಿಶ್ರಿ ಅವರ ಲೆಕ್ಕದಲ್ಲಿ ಹಲ್ಲು ತಿಕ್ಕುವ ಪುಡಿ. ಬೆಳಿಗ್ಗೆ ಒಮ್ಮೆ ಹಲ್ಲಿಗೆಂದು ಶುರುವಾಗಿ, ಮಧ್ಯಾಹ್ನ ಒಂದು ಸಲ, ರಾತ್ರಿ ಮಲಗುವ ಮುಂಚೆ ಒಂದು ಸಲ ಒಸಡಿಗೆ ಒತ್ತಿ ಹಿಡಿಯುವ ಚಟವಾಗಿರುತ್ತದೆ. ಕಡ್ಡಿಪುಡಿಯೂ ಹಾಗೆಯೇ ಹೆಸರಲ್ಲೇ ಮರೆಯಾಗುವ ತಂಬಾಕು. ಆದ್ದರಿಂದ ಚಟದಿಂದ ಶುರು ಮಾಡಬೇಡಿ, ಹಲ್ಲಿನಿಂದ ಶುರು ಮಾಡಿ:

"ಅಕ್ಕಾರ, ಮುಂಜಾನೆ ಎದ್ದು ಹಲ್ಲು ಯಾತರ್ಲೆ ತಿಕ್ತೀರಿ?"
"ಮತ್ತ ದಿನದಾಗ ಎಷ್ಟ ಸಲ ತಿಕ್ತೀರಿ?"
"ಬಾಯಾಗ ಎಷ್ಟೊತ್ತು ಇಟ್ಕೋತೀರಿ? ಯಾವ ಬಾಜೂಕ?"

ದಿನಕ್ಕೆ ನಾಲ್ಕು ಸಲ "ಹಲ್ಲು ತಿಕ್ಕುವ" ಉತ್ತರ ಬಂದರೆ ಅದು ಸ್ವಚ್ಛತೆಯಲ್ಲ, ಮಿಶ್ರಿ. ಡಬ್ಬಿ ತೋರಿಸಲು ಕೇಳಿ. ಸಂಕೋಚವಿಲ್ಲದೆ ತಂದು ತೋರಿಸುತ್ತಾರೆ. ಆಮೇಲೆ ಎಲೆ ಅಡಿಕೆ, ಸುಣ್ಣ ತಂಬಾಕು, ಗುಟ್ಕಾ, ಬೀಡಿ ಒಂದೊಂದನ್ನೂ ಹೆಸರಿಟ್ಟು ಕೇಳಿ. ಗುಟ್ಕಾ ಇಲ್ಲಿ 2012ರಿಂದ ನಿಷೇಧವಾದ ಕಾರಣ ಗಂಡಸರು ಆ ಪ್ರಶ್ನೆಗೆ ಅಳುಕುತ್ತಾರೆ. ಮುಕಾದಮ ಪಕ್ಕದಲ್ಲಿದ್ದಾಗ ಕೇಳಲೇಬೇಡಿ.

"ದಂತಕ್ಷಯ", "ಲೋಳೆಪೊರೆ" ಎಂಬ ಪುಸ್ತಕದ ಪದಗಳನ್ನು ಫಾರ್ಮಿನಿಂದ ತೆಗೆದುಹಾಕಿ. "ಹಲ್ಲಿಗೆ ಹುಳ ಹತ್ತ್ಯಾವೇನ್ರಿ", "ಖಾರ ಉಂಡ್ರ ಬಾಯಿ ಉರೀತೈತೇನ್ರಿ" ಎಂದಾಗ ಉತ್ತರ ತಾನಾಗಿ ಬರುತ್ತದೆ. ಈ ಎರಡನೆಯ ಪ್ರಶ್ನೆಗೆ "ಹೌದು" ಅಂದವರ ಬಾಯಿ ಎಷ್ಟು ತೆರೆಯುತ್ತದೆಂದು ಮೇಲಿನ ಮತ್ತು ಕೆಳಗಿನ ಮುಂಬಲ್ಲಿನ ನಡುವೆ ವರ್ನಿಯರ್ ಇಟ್ಟು ಮಿಲಿಮೀಟರಿನಲ್ಲಿ ಬರೆದುಕೊಳ್ಳಿ. ಅವರದೇ ಮೂರು ಬೆರಳು ಉದ್ದಕ್ಕೆ ಹಿಡಿಸದಿದ್ದರೆ, ಕೆನ್ನೆಯ ಒಳಗೆ ಬಿಳಚಿಕೊಂಡು ಹಗ್ಗದಂತೆ ಬೆರಳಿಗೆ ಸಿಕ್ಕರೆ, ಅದು ಅಡಿಕೆಯಿಂದ ಬರುವ, ಬಾಯೊಳಗಿನ ಪದರ ಬಿಗಿಯಾಗುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರಬಹುದು.

ಕಣ್ಣು ಪಳಗಬೇಕು

ಕ್ಯಾಂಪಿಗೆ ಕಾಲಿಡುವ ಮುಂಚೆ ಸುಮಾರು 25 ಜನರನ್ನು ಎರಡು ಸಲ ನೋಡಿ. ಎರಡನೆಯ ಸಲ ಮರುದಿನವಾದರೆ ಒಳ್ಳೆಯದು, ಕನಿಷ್ಠ ಅರ್ಧ ಗಂಟೆಯ ಅಂತರ ಬೇಕೇ ಬೇಕು. ಮೊದಲ ಫಾರ್ಮ್ ನಿಮ್ಮ ಕೈಯಲ್ಲಿರಬಾರದು. ಆಮೇಲೆ ಕಪ್ಪಾ ಲೆಕ್ಕ ಹಾಕಿ, ಅಂದರೆ ಆಕಸ್ಮಿಕವಾಗಿ ಕೂಡಿಬಂದದ್ದನ್ನು ಕಳೆದು ಎರಡು ಸಲದ ಹೊಂದಾಣಿಕೆಯನ್ನು ಅಳೆಯುವ ಅಂಕಿ. ಶೇಕಡಾವಾರು ಹೊಂದಾಣಿಕೆ ಕಣ್ಣಿಗೆ ಮಣ್ಣೆರಚುತ್ತದೆ: 100 ಹಲ್ಲಿನಲ್ಲಿ 95 ಚೆನ್ನಾಗಿವೆ ಅಂದುಕೊಳ್ಳಿ. ಬಾಯಿ ನೋಡದೆಯೇ ಎಲ್ಲದಕ್ಕೂ "ಚೆನ್ನಾಗಿದೆ" ಎಂದು ಬರೆದವನಿಗೂ ಶೇ 95 ಹೊಂದಾಣಿಕೆ ಸಿಗುತ್ತದೆ, ಆದರೆ ಕಪ್ಪಾ ಸೊನ್ನೆ. 0.8 ದಾಟುವ ತನಕ ಅಭ್ಯಾಸ ನಡೆಯಲಿ. ಸಮೀಕ್ಷೆ ನಡೆಯುತ್ತಿರುವಾಗಲೂ ಶೇ 5ರಿಂದ 10 ಜನರನ್ನು ಮತ್ತೆ ನೋಡಿ, ಯಾಕೆಂದರೆ 40ನೇ ಸಂಜೆಯ ಹೊತ್ತಿಗೆ ದಣಿದ ಕಣ್ಣು ಗೊತ್ತಿಲ್ಲದೆ ಸಡಿಲವಾಗಿರುತ್ತದೆ.

ಬಾಯಿ ತೆರೆದ ಮೇಲೆ

ಒಬ್ಬ ಪರೀಕ್ಷಕರಿಗೆ ಕನಿಷ್ಠ 30 ಕನ್ನಡಿ, 30 ಸಿಪಿಐ ಪ್ರೋಬ್ (ಒಸಡು ಅಳೆಯುವ ಕಡ್ಡಿ) ಇರಲಿ. ಒಂದು ಸೆಟ್ ಸೋಂಕು ತೆಗೆಯುವ ಆಟೋಕ್ಲೇವ್‌ನಲ್ಲಿದ್ದಾಗ ಇನ್ನೊಂದು ಕೈಗೆ ಸಿಗಬೇಕು. ತಗಡಿನ ಶೆಡ್ಡಿನಲ್ಲಿ ಬೆಳಕು ದಿನಕ್ಕೊಂದು ಥರ. ಒಂದೇ ಮಾದರಿಯ ಹೆಡ್‌ಲ್ಯಾಂಪ್ ಮೊದಲಿನಿಂದ ಕೊನೆವರೆಗೆ ಬಳಸಿ. ಬಳಸಿದ ಗಾಜ್ ಬಟ್ಟೆ ಹಳದಿ ಚೀಲಕ್ಕೆ, ಕೈಗವಸು ಕೆಂಪು ಚೀಲಕ್ಕೆ ಹಾಕಿ. ಒಂದು ಚೂರನ್ನೂ ಕ್ಯಾಂಪಿನಲ್ಲಿ ಬಿಟ್ಟು ಬರಬೇಡಿ, ಮಕ್ಕಳು ಆಡಲು ಎತ್ತಿಕೊಳ್ಳುತ್ತವೆ.

ಪ್ರೋಬಿನ ತುದಿಯಲ್ಲಿ 0.5 ಮಿ.ಮೀ. ಗುಂಡಿದೆ, 3.5ರಿಂದ 5.5 ಮಿ.ಮೀ.ವರೆಗೆ ಕಪ್ಪು ಪಟ್ಟಿ. ಒಸಡಿನ ಅಂಚಿಗೆ 20 ಗ್ರಾಂ ಮೀರಿ ಒತ್ತಬಾರದು. ನಿಮ್ಮ ಹೆಬ್ಬೆರಳಿನ ಉಗುರಿನ ಕೆಳಗೆ ಇಟ್ಟು ಒತ್ತಿ ನೋಡಿ, ಚರ್ಮ ಬಿಳಚಿಕೊಂಡರೆ ಸಾಕು, ನೋಯಬಾರದು.

ಮಿಶ್ರಿ ಹಾಕುವವರ ಬಾಯಲ್ಲಿ ಹೊಸಬರು ತಪ್ಪದೆ ಎಡವುವ ಜಾಗವೊಂದಿದೆ. ದವಡೆ ಹಲ್ಲಿನ ಗೀರುಗಳಲ್ಲಿ, ಒಸಡಿನ ಅಂಚಿನುದ್ದಕ್ಕೆ ಕಾಡಿಗೆಯಂಥ ಕಪ್ಪು ಕೂತಿರುತ್ತದೆ. ದೂರದಿಂದ ನೋಡಿದರೆ ಎಲ್ಲವೂ ಹುಳುಕು. ಗಾಜ್ ಬಟ್ಟೆಯಿಂದ ಒರೆಸಿ, ಒಣಗಿಸಿ, ಗುಂಡುತುದಿಯನ್ನು ಹಗುರಾಗಿ ಎಳೆಯಿರಿ. ಕರೆಯಾದರೆ ಗಾಜಿನ ಮೇಲೆ ಎಳೆದಂತೆ ಜಾರುತ್ತದೆ. ಹುಳುಕಾದರೆ ಗೋಡೆಯೋ ತಳವೋ ಮೆತ್ತಗೆ ಸಿಗುತ್ತದೆ. ಅನುಮಾನ ಉಳಿದರೆ ನಿಯಮ ಒಂದೇ: ಆರೋಗ್ಯವಂತ ಹಲ್ಲು, ಕೋಡ್ 0. ಚೂಪಾದ ಎಕ್ಸ್‌ಪ್ಲೋರರ್‌ನಿಂದ ಗೀರಿಗೆ ಚುಚ್ಚಿ ನೋಡಬೇಡಿ.

ಬಿದ್ದುಹೋದ ಹಲ್ಲಿನ ಲೆಕ್ಕವೂ ಕೈಕೊಡುತ್ತದೆ. 30 ವರ್ಷದ ಒಳಗಿನವರಲ್ಲಿ ಹುಳುಕಿನಿಂದ ಹೋದದ್ದು, ಅಂದರೆ ಕೋಡ್ 4 ಮಾತ್ರ ಡಿಎಂಎಫ್‌ಟಿಗೆ (ಹುಳುಕಾದ, ಹೋದ, ತುಂಬಿಸಿದ ಹಲ್ಲುಗಳ ಮೊತ್ತಕ್ಕೆ) ಸೇರುತ್ತದೆ. 30 ತುಂಬಿದವರಲ್ಲಿ ಕೋಡ್ 4 ಮತ್ತು ಬೇರೆ ಕಾರಣಕ್ಕೆ ಹೋದದ್ದರ ಕೋಡ್ 5 ಎರಡೂ ಸೇರುತ್ತವೆ. ಎಕ್ಸೆಲ್‌ನಲ್ಲಿ ಎಲ್ಲರಿಗೂ ಒಂದೇ ಸೂತ್ರ ಎಳೆದುಬಿಟ್ಟರೆ ಸರಾಸರಿಯೇ ಕೆಡುತ್ತದೆ.

ರಾಯಚೂರು, ಕೊಪ್ಪಳ, ಗದಗ ಕಡೆಯವರ ಹಲ್ಲಿನ ಕಂದು ಪಟ್ಟಿಗೆ ಪುಣೆಯ ನೀರನ್ನು ದೂರಬೇಡಿ. ದಂತಕವಚ ರೂಪುಗೊಳ್ಳುವ ವಯಸ್ಸಿನಲ್ಲಿ ಕುಡಿದ ಫ್ಲೋರೈಡ್ ಅಲ್ಲಿ ಉಳಿದಿರುತ್ತದೆ. "ಎಂಟು ವರ್ಷದ ತನಕ ಯಾವ ಊರಾಗ ಬೆಳೆದ್ರಿ? ಕುಡಿಯೋ ನೀರು ಬೋರ್‌ವೆಲ್ಲಿಂದೋ ಹೊಳೀದೋ?" ಈ ಎರಡು ಕಾಲಂ ಫಾರ್ಮಿನಲ್ಲಿ ಇಲ್ಲದಿದ್ದರೆ ಫ್ಲೋರೋಸಿಸ್ ಅಂಕಿಗೆ ಅರ್ಥವೇ ಇಲ್ಲ.

ಒಪ್ಪಿಗೆ, ಬರವಣಿಗೆ

ಎಥಿಕ್ಸ್ ಕಮಿಟಿಯ ಅನುಮತಿಗೆ ಮುಂಚೆ ಒಂದು ಬಾಯಿಯನ್ನೂ ನೋಡಬಾರದು. ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ಓದು ಬಲ್ಲ ತಟಸ್ಥ ಸಾಕ್ಷಿ ಇರಬೇಕು. ಕೂಲಿ ಕೊಡುವ ಮುಕಾದಮ ಸಾಕ್ಷಿಯಾದರೆ ಅದು ಒಪ್ಪಿಗೆಯಲ್ಲ, ಒತ್ತಾಯ. ಮಕ್ಕಳನ್ನೂ ಸೇರಿಸಿದ್ದರೆ ತಂದೆತಾಯಿಯ ಒಪ್ಪಿಗೆಯ ಜೊತೆಗೆ 7ರಿಂದ 12ರವರ ಬಾಯಿಮಾತಿನ ಸಮ್ಮತಿ, ಅದಕ್ಕೂ ದೊಡ್ಡವರದು ಬರಹದಲ್ಲಿ.

ದತ್ತಾಂಶವನ್ನು ಇಬ್ಬರು ಬೇರೆ ಬೇರೆ ಟೈಪ್ ಮಾಡಿ ತಾಳೆ ನೋಡಿ. ಪ್ರಬಂಧ ಬರೆಯುವಾಗ, ಇಂಥ ಅಧ್ಯಯನದ ವರದಿಯಲ್ಲಿ ಏನೇನಿರಬೇಕೆಂದು ಹೇಳುವ ಸ್ಟ್ರೋಬ್‌ನ 22 ಅಂಶಗಳ ಪಟ್ಟಿ ಎದುರಿಗಿರಲಿ. ಲೇಖಕರ ಹೆಸರಿನ ಕ್ರಮವನ್ನು ಕೆಲಸ ಶುರುವಾಗುವ ಮುಂಚೆಯೇ ಕಾಗದದ ಮೇಲೆ ಬರೆದುಕೊಳ್ಳಿ. ಮುಗಿದ ಮೇಲೆ ಆ ಮಾತು ಎತ್ತಿದರೆ ಮನಸ್ತಾಪವೇ. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುತ್ತೇವೆ ಎನ್ನುವ ಜರ್ನಲ್‌ಗಳಿಗೆ 70 ಸಂಜೆಯ ದುಡಿಮೆಯನ್ನು ಸುರಿಯಬೇಡಿ.

ಚೀಟಿ

ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಕಲೆ, ಮೂರು ವಾರವಾದರೂ ಮಾಯದ ಹುಣ್ಣು ಕಂಡವರಿಗೆ ಅಲ್ಲೇ ಚೀಟಿ ಬರೆದುಕೊಡಿ. ಒಂದು ಬದಿ ಆಸ್ಪತ್ರೆಯವರಿಗೆ ಮರಾಠಿಯಲ್ಲಿ, ಇನ್ನೊಂದು ಬದಿ ಅವರಿಗಾಗಿ ಕನ್ನಡದಲ್ಲಿ: ಯಾವ ದಿನ, ಯಾವ ಗೇಟು, ಯಾವ ಕೋಣೆ. ಓದಲು ಬಾರದವರ ಮನೆಯಲ್ಲಿ ಸಾಲಿಗೆ ಹೋಗುವ ಮಗುವಿದ್ದರೆ ಅದರ ಕೈಲಿ ಒಮ್ಮೆ ಗಟ್ಟಿಯಾಗಿ ಓದಿಸಿ. ಪುಣೆಯ ಸರ್ಕಾರಿ ಸಸೂನ್ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಚೀಟಿ ಜೇಬಿನಲ್ಲೇ ಉಳಿಯುವುದು ಅದಕ್ಕೇ. ಆದ್ದರಿಂದ ಒಂದು ಕ್ಯಾಂಪಿನ ಐದಾರು ಜನರನ್ನು ಒಂದೇ ದಿನಕ್ಕೆ ಗೊತ್ತು ಮಾಡಿ, ಕನ್ನಡ ಬಲ್ಲ ಒಬ್ಬರನ್ನು ಒಪಿಡಿ ಬಾಗಿಲಲ್ಲಿ ನಿಲ್ಲಿಸಿ. ಎರಡು ವಾರದ ಮೇಲೆ ಶೆಡ್ಡಿನ ನಂಬರ್ ಹಿಡಿದು ಮತ್ತೆ ಹೋಗಿ, ಯಾರು ತೋರಿಸಿಕೊಂಡರು, ಯಾರು ಊರಿಗೆ ಹೋದರು ಎಂದು ಫಾರ್ಮಿನ ಕೊನೆಯ ಕಾಲಂನಲ್ಲಿ ಬರೆಯಿರಿ. ಊರಿಗೆ ಹೋದವರಿಗೆ ಫೋನ್ ಮಾಡಿ ಅಲ್ಲಿನ ಜಿಲ್ಲಾ ಆಸ್ಪತ್ರೆಗೆ ಅದೇ ಚೀಟಿ ತೋರಿಸಲು ಹೇಳಿ.